ಜುಲೈಲಿ ಬೋಟು ಹೋಗೂದಿಲ್ಲ ಸರ್

ಅಕ್ಕೋರೇ, ನಮಸ್ಕಾರ.

ಕುಮಟಾದಿಂದ ನೀವು ಬರೆದ ಕಾಗದ ಬಂದು ಎರಡು ವಾರ ಆಯಿತು. ಮುಜುಗರಕ್ಕೇ ಉತ್ತರ ತಡವಾಯಿತು. ಉಳಿದ ಓದುಗರಿಗೆ ಗೊತ್ತಾಗಲಿ ಅಂತ ನಿಮ್ಮ ಮಾತನ್ನು ಇಲ್ಲಿ ಹಾಕುತ್ತೇನೆ: "ನಿಮ್ಮ ಮಕ್ಕಳ ಪುಸ್ತಕದ ಅಂಕಣದಲ್ಲಿ ಆರು ತಿಂಗಳಿಂದ ಒಂದು ಪುಸ್ತಕಕ್ಕೂ ಬೈದಿಲ್ಲ. ಮೀನುಗಾರರ ಹುಡುಗ ಬಂದರೆ ಹೊಗಳಿಕೆ, ಸಿದ್ದಿ (ಆಫ್ರಿಕಾ ಮೂಲದ ನಮ್ಮ ಜಿಲ್ಲೆಯ ಜನ) ಹುಡುಗಿ ಬಂದರೆ ಇನ್ನೂ ಜಾಸ್ತಿ. ಇದು ವಿಮರ್ಶೆಯೋ, ಮದುವೆಮನೆ ಉಪಚಾರವೋ? ನನ್ನ ಮೊಮ್ಮಗಳು ನೀವು ಹೇಳಿದ ಪುಸ್ತಕ ಹಿಡಿದು ಮೂರನೇ ಪುಟಕ್ಕೆ ನಿದ್ದೆ ಹೋದಳು."

ಉಪಚಾರವೇ, ಅಕ್ಕೋರೇ. ಒಪ್ಪಿಕೊಳ್ಳುತ್ತೇನೆ.

ಒಂದು ಸಂಗತಿ ಹೇಳಬೇಕು. ಕಡಲ ತೀರದ ಹುಡುಗನೊಬ್ಬನ ಚಿತ್ರಪುಸ್ತಕವನ್ನು ನಾವು ಬಾಯ್ತುಂಬ ಹೊಗಳಿದ್ದೆವು. ಜುಲೈ ತಿಂಗಳ ಜಡಿಮಳೆ, ಅಪ್ಪನ ಟ್ರಾಲರ್ ಬೋಟು ಸಮುದ್ರಕ್ಕೆ ಹೊರಡುತ್ತದೆ, ಮಗ ದಡದಲ್ಲಿ ನಿಂತು ಕೈ ಬೀಸುತ್ತಾನೆ. "ಮಳೆಗಾಲದ ಸುಂದರ ಚಿತ್ರಣ" ಅಂತ ಬರೆದವನು ನಾನೇ. ಆಮೇಲೆ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದ ಕೆಲವು ಮಕ್ಕಳ ಜೊತೆ ಕೂತು ಅದನ್ನು ಓದಿದೆ. ಐದನೇ ಕ್ಲಾಸಿನವನೊಬ್ಬ ಪುಟದ ಮೇಲೆ ಬೆರಳಿಟ್ಟ. "ಜುಲೈಲಿ ಬೋಟು ಹೋಗೂದಿಲ್ಲ ಸರ್. ಬಂದ್ ಇರ್ತದೆ. ಇವ್ನ ಅಪ್ಪಂಗೆ ದಂಡ ಹಾಕ್ತಾರೆ."

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅಂತ. ಆ ಹುಡುಗನಿಗೆ ಅದು ಅಪ್ಪ ಮನೆಯಲ್ಲಿರುವ ಎರಡು ತಿಂಗಳು. ಬಲೆ ರಿಪೇರಿ, ಕೈಯಲ್ಲಿ ಕಾಸಿಲ್ಲದ ಸಿಡಿಮಿಡಿ, ಒಣಮೀನಿನ ಸಾರು. ಕಥೆ ಇದ್ದದ್ದು ಅಲ್ಲಿ! ಬರೆದವರು ಅದನ್ನು ಬಿಟ್ಟು ಮಳೆ ಬಿಡಿಸಿದರು. ಶಿರಸಿಯಲ್ಲಿ ಕೂತ ನನಗೂ ಮಳೆಯೇ ಕಂಡಿತು. ಇನ್ನೊಂದು ಪುಟದಲ್ಲಿ, ದಡಕ್ಕೆ ಎಳೆಯುವ ಉದ್ದನೆಯ ರಂಪಣಿ ಬಲೆಯನ್ನು ಇಬ್ಬರೇ ಎಳೆಯುತ್ತಿದ್ದರು. ಮಕ್ಕಳು ನಕ್ಕು ನಕ್ಕು ಸುಸ್ತಾದರು. ರಂಪಣಿ ಎಳೆಯಲು ಅರ್ಧ ಕೇರಿಯೇ ಬೇಕು.

ಹಾಗಂತ ನಿಮ್ಮ ಇನ್ನೊಂದು ಮಾತು ನಾನು ಒಪ್ಪುವುದಿಲ್ಲ. "ರಾಜಕುಮಾರ, ನರಿ, ಮೊಸಳೆ ಕಥೆಗಳೇ ಸಾಕಿತ್ತು" ಅಂದಿದ್ದೀರಿ. ನರಿ, ಮೊಸಳೆ ಇರಲಿ, ಅವು ಎಲ್ಲಿಗೂ ಹೋಗುವುದಿಲ್ಲ. ಆದರೆ 1985ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲವರು ಕೂತು ಎಣಿಸಿದರು. ಆ ವರ್ಷ ಅಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನ ಬರೆದದ್ದು, ಚಿತ್ರ ಬಿಡಿಸಿದ್ದು ಬರೀ 18. ರೂಡಿನ್ ಸಿಮ್ಸ್ ಬಿಷಪ್ ಎಂಬ ಪ್ರಾಧ್ಯಾಪಕಿ 1990ರಲ್ಲಿ ಬರೆದ ಮಾತು ಈಗ ಎಲ್ಲರ ಬಾಯಲ್ಲೂ ಇದೆ: ಪುಸ್ತಕ ಮಗುವಿಗೆ ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು, ತನ್ನದೇ ಮುಖ ಕಾಣುವ ಕನ್ನಡಿಯೂ ಆಗಬೇಕು. ಯಲ್ಲಾಪುರದ ಸಿದ್ದಿ ಮಗುವಿಗೆ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮಗುವಿಗೆ ಕಥೆಪುಸ್ತಕದಲ್ಲಿ ಆ ಕನ್ನಡಿ ಎಷ್ಟು ಸಲ ಸಿಕ್ಕಿದೆ ಹೇಳಿ? ನೀವು ಮೂವತ್ತು ವರ್ಷ ಪಾಠ ಮಾಡಿದವರು, ನನಗಿಂತ ಚೆನ್ನಾಗಿ ಗೊತ್ತು.

ತೊಂದರೆ ಇರುವುದು ಕನ್ನಡಿಯಲ್ಲಿ ಮುಖ ಸೊಟ್ಟ ಕಂಡರೂ ನಾವು ಚಪ್ಪಾಳೆ ತಟ್ಟುವುದರಲ್ಲಿ. ಕಥೆಯ ಸಿದ್ದಿ ಹುಡುಗಿ ಒಂದೋ ಡಮಾಮಿ ಕುಣಿಯುತ್ತಾಳೆ, ಇಲ್ಲವೇ ಓಟದಲ್ಲಿ ಗೆಲ್ಲುತ್ತಾಳೆ. ಅವಳು ಸುಳ್ಳು ಹೇಳುವುದಿಲ್ಲ. ತಮ್ಮನ ಪಾಲಿನ ಬೆಲ್ಲ ಕದಿಯುವುದಿಲ್ಲ. ಭಾಗಾಕಾರ ತಪ್ಪು ಮಾಡುವುದಿಲ್ಲ. ಅಷ್ಟು ಒಳ್ಳೆಯ ಹುಡುಗಿಯ ಜೊತೆ ಯಾವ ಮಗು ಆಟಕ್ಕೆ ಹೋಗುತ್ತದೆ? ನಿಮ್ಮ ಮೊಮ್ಮಗಳು ನಿದ್ದೆ ಮಾಡಿದ್ದು ಸರಿ. ಪಾತ್ರಗಳ ಮಾತೂ ಹಾಗೇ. ಶಿರಸಿಯ ಹವ್ಯಕರ ಮನೆಯಲ್ಲೂ ಕಾರವಾರದ ಎಷ್ಟೋ ಮನೆಗಳಲ್ಲೂ ಅಮ್ಮನಿಗೆ "ಆಯಿ" ಅನ್ನುತ್ತಾರೆ. ಪುಸ್ತಕದಲ್ಲಿ ಮಾತ್ರ ಎಲ್ಲರೂ "ತಾಯೇ" ಅಂತ ನಾಟಕದವರ ಹಾಗೆ ಕರೆಯುತ್ತಾರೆ.

ದೊಡ್ಡವರ ಹೊಸ ಕಾದಂಬರಿಗಳ ವಿಮರ್ಶೆಯಲ್ಲೂ ಇದೇ ರೋಗ ಇದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಜಗಳಕ್ಕೆ ಪುರುಸೊತ್ತು ಬೇಕು.

ನಾವು ನಮಗೇ ಹೇಳಿಕೊಂಡ ನೆವ ಒಂದಿತ್ತು. ಮಕ್ಕಳಿಗೆ ಬರೆಯುವವರೇ ಕಡಿಮೆ, ಬೈದರೆ ಅವರೂ ನಿಲ್ಲಿಸಿಬಿಟ್ಟಾರು ಅಂತ. ನೆವವೇ ಅದು. ನಮ್ಮ ಜಿಲ್ಲೆಯವರೇ ಆದ ಸಿದ್ದಾಪುರದ ತಮ್ಮಣ್ಣ ಬೀಗಾರರಿಗೆ ಮಕ್ಕಳ ಸಾಹಿತ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಕೊಡುವ ಬಾಲ ಸಾಹಿತ್ಯ ಪುರಸ್ಕಾರ 2022ರಲ್ಲಿ ಬಂತು. ಇಂಥವರು ಬರೆಯುತ್ತಿರುವಾಗ ಉಳಿದವರಿಗೆ ಗ್ರೇಸ್ ಮಾರ್ಕ್ಸ್ ಹಾಕಿ ಪಾಸು ಮಾಡುವುದು ಯಾಕೆ? ನೀವಾದರೂ ಹಾಕುತ್ತಿದ್ದಿರಾ?

ಮುಂದಿನ ಸಂಚಿಕೆಯಲ್ಲಿ ಆ ಬೋಟಿನ ಪುಸ್ತಕದ ಬಗ್ಗೆ ಮತ್ತೆ ಬರೆಯುತ್ತೇವೆ, ಬೈತಖೋಲದ ಮಕ್ಕಳ ತಕರಾರು ಸಮೇತ. ಇನ್ನು ಮೇಲೆ ಯಾವ ಪುಸ್ತಕವನ್ನೂ ಇಬ್ಬರು ಮೂವರು ಮಕ್ಕಳು ಓದುವ ಮೊದಲು ಹೊಗಳುವುದಿಲ್ಲ. ಬೈಯುವುದೂ ಇಲ್ಲ.

ಅಂದಹಾಗೆ, ಮೊಮ್ಮಗಳಿಗೆ ನಿದ್ದೆ ಬರಿಸಿದ ಪುಸ್ತಕ ಯಾವುದು ಅಂತ ನೀವು ಬರೆಯಲೇ ಇಲ್ಲ. ತಿಳಿಸಿ. ನನಗೆ ಬೇಜಾರಾಗುತ್ತದೆ ಅಂತ ಮುಚ್ಚಿಡಬೇಡಿ. ಮೂರನೇ ಪುಟದಲ್ಲಿ ಏನಿತ್ತು ಅಂತಲೂ ಅವಳನ್ನೇ ಕೇಳಿ ಬರೆಯಿರಿ.

– ಸಂಪಾದಕ