16 ವರ್ಷಕ್ಕೆ ಕೋರ್ಟಿನಲ್ಲಿ ಅಪ್ಪ-ಅಮ್ಮನಿಂದ ಬೇರೆಯಾಗಬಹುದಾ?

ಆಗಲ್ಲ ತಮ್ಮಾ. ಅಮೆರಿಕದಲ್ಲಿ ಆಗುತ್ತೆ, ಇಲ್ಲಿ ಯಾಕಿಲ್ಲ ಅಂತ ಕೇಳಿದ್ದೀಯ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. 1875ರ ಕಾಯ್ದೆ ಪ್ರಕಾರ 18 ತುಂಬುವವರೆಗೆ ನೀನು ಮೈನರ್.

ನಾನು ಮಾನ್ವಿ ಕಡೆಯವನು. ಹತ್ತನೇ ಕ್ಲಾಸ್ ಮುಗಿದದ್ದೇ ತಡ, ಅಪ್ಪ ಬಳ್ಳಾರಿಗೆ ಜೀನ್ಸ್ ಕೆಲಸಕ್ಕೆ ಹಚ್ಚಿದ. ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಕೆಲಸ. ಸಂಜೆ ಒಗ್ಗರಣೆ-ಮಿರ್ಚಿ ತಿನ್ನುವಾಗ ಬೆರಳಿನ ನೀಲಿ ಮಂಡಕ್ಕಿಗೂ ಹತ್ತುತ್ತಿತ್ತು. ಪಗಾರ ಮಾತ್ರ ನೇರ ಅಪ್ಪನ ಕೈಗೆ. ಪಿಯುಸಿ ಮಾತೆತ್ತಿದರೆ ‘ಓದಿ ಯಾರನ್ನ ಉದ್ಧಾರ ಮಾಡ್ತಿ’ ಅಂತಿದ್ದ.

ಬಾಂಡ್ ಪೇಪರ್ ಮೇಲೆ ಬರೆಸಿಬಿಡು ಅಂತ ಯಾರೋ ಹೇಳಿದರು. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಗೆ ಹೋಗಿ ‘ಇಂದಿನಿಂದ ನನಗೂ ನನ್ನ ತಂದೆ-ತಾಯಿಗೂ ಯಾವುದೇ ಸಂಬಂಧ ಇರುವುದಿಲ್ಲ’ ಅಂತ ಬರೆಸಿದೆ. ಅಂಗಡಿಯವ ವಯಸ್ಸು ಕೇಳಿದ, 18 ಅಂದೆ, ನೋಟರಿ ಸೀಲೂ ಬಿತ್ತು. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹುಡುಗರು ಈಗಲೂ ಇದನ್ನೇ ಮಾಡ್ತಾರೆ. ನೋಟರಿ ಸೀಲ್ ಬಿದ್ದರೆ ಅದು ಕೋರ್ಟಿನ ಆದೇಶ ಆಗಲ್ಲ, ಹೀಗಂತ ಹೇಳಿ ಸಹಿ ಹಾಕಿದವನು ನಾನೇ ಅನ್ನೋದಕ್ಕೆ ಗುರುತು ಅಷ್ಟೇ. ಮೈನರ್ ಮಾಡಿದ ಕರಾರಿಗೆ ಕಿಮ್ಮತ್ತಿಲ್ಲ ಅಂತ 1903ರಲ್ಲೇ ತೀರ್ಪು ಬಂದಿದೆ. ಮೇಲಿಂದ ನಾನು ಹೇಳಿದ ವಯಸ್ಸೂ ಸುಳ್ಳು. ಪಿಯುಸಿ ಓದೋಕೆ ಹಾಸ್ಟೆಲ್ ಕೇಳಿಕೊಂಡು ಹೋದಾಗ ವಾರ್ಡನ್ ಆ ಬಾಂಡನ್ನೂ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ‘ಇದರಾಗ ಯಾವುದು ಖರೇ?’ ಅಂದರು. ಪಾಲಕರ ಸಹಿ ತಗೊಂಡು ಬಾ ಅಂದರು. ಸಂಬಂಧವೇ ಇಲ್ಲ ಅಂತ ಬರೆಸಿಕೊಂಡವನು ಯಾವ ಮುಖ ಹೊತ್ತು ಸಹಿ ಕೇಳಲಿ? ಅಡ್ಮಿಷನ್ ಮುಗಿದುಹೋಯಿತು. ಒಂದು ವರ್ಷ ಹಾಳು.

ಆಮೇಲೆ ನಮ್ಮ ಹೈಸ್ಕೂಲ್ ಮೇಷ್ಟ್ರು ಮಕ್ಕಳ ಸಹಾಯವಾಣಿ 1098ಕ್ಕೆ ಕಾಲ್ ಮಾಡಿಸಿದರು. ಅಲ್ಲಿಂದ ಮಕ್ಕಳ ಕಲ್ಯಾಣ ಸಮಿತಿ. ಇದು ಎಲ್ಲ ಜಿಲ್ಲೆಯಲ್ಲೂ ಇರುತ್ತೆ, ನೀನೇ ನೇರ ಹೋಗಬಹುದು, ವಕೀಲರೂ ಬೇಡ ದುಡ್ಡೂ ಬೇಡ. ಅಪ್ಪನನ್ನ ಕರೆಸಿ ಕೂರಿಸಿದರು. ಬೈಯ್ಯುತ್ತಲೇ ಹಾಸ್ಟೆಲ್ ಅರ್ಜಿಗೆ ಸಹಿ ಹಾಕಿದ.

ಮೊಬೈಲ್ ಅಂಗಡಿ ಸಂಬಳ ಅಪ್ಪ ಕಿತ್ತುಕೊಳ್ತಾರೆ ಅಂತ ಬರೆದಿದ್ದೀಯ. ಅದಕ್ಕೆ ಮನೆಯವರನ್ನೇ ಕಾನೂನು ಪ್ರಕಾರ ಕಳಚಿಕೊಳ್ಳಬೇಕಾ? ಹತ್ತು ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ಬ್ಯಾಂಕಿನಲ್ಲಿ ತೆರೆಯಬಹುದು, ಸಂಬಳ ಅದಕ್ಕೇ ಹಾಕಿ ಅಂತ ಮಾಲೀಕರಿಗೆ ಹೇಳು. ಇನ್ನು ಅಮೆರಿಕ ಅಮೆರಿಕ ಅಂತೀಯಲ್ಲ, ಕ್ಯಾಲಿಫೋರ್ನಿಯಾದಲ್ಲೂ ಸುಮ್ನೆ ಕೇಳಿದರೆ ಕೊಡಲ್ಲ. 14 ತುಂಬಿರಬೇಕು, ಮನೆಯವರ ಒಪ್ಪಿಗೆಯಿಂದ, ಇಲ್ಲಾ ಅವರ ತಕರಾರಿಲ್ಲದೆ ಬೇರೆ ಇರಬೇಕು, ಸ್ವಂತ ಆದಾಯದ ಲೆಕ್ಕ ತಾನೇ ನೋಡಿಕೊಳ್ತಿರಬೇಕು. ಅಲ್ಲೂ ಅಪ್ಪ ಒಪ್ಪಬೇಕು, ಇಲ್ಲಾ ಸುಮ್ಮನಾದರೂ ಇರಬೇಕು, ನೋಡು.

ಮನೆಯಲ್ಲಿ ಹೊಡೀತಾರಾ ಅನ್ನೋದನ್ನ ನೀನು ಬರೆದೇ ಇಲ್ಲ. ಹೊಡೀತಿದ್ದರೆ ಖಾತೆ ಗೀತೆ ಎಲ್ಲ ಆಮೇಲೆ, ಇವತ್ತೇ 1098ಕ್ಕೆ ಕಾಲ್ ಮಾಡು.