1982ರ ವೈನ್: ಮಧ್ಯಾಹ್ನವೇ ತೆರೆದಿಡಬೇಕೆ?

ಪ್ರಶ್ನೆ: ಚಿಕ್ಕಪ್ಪ ಫ್ರಾನ್ಸಿನಿಂದ ತಂದುಕೊಟ್ಟ 1982ರ ಬೋರ್ಡೋ ಪ್ರದೇಶದ ಕೆಂಪು ವೈನ್ ಮನೆಯಲ್ಲಿದೆ. ಹಲವು ವರ್ಷ ಬೀರುವಿನಲ್ಲಿತ್ತು, ಈಗ ವೈನ್ ಫ್ರಿಜ್‌ನಲ್ಲಿದೆ. ಶನಿವಾರ ರಾತ್ರಿ ಊಟಕ್ಕೆ ಎಂಟು ಜನ ಸೇರುತ್ತೇವೆ. ಮಧ್ಯಾಹ್ನವೇ ಡಿಕ್ಯಾಂಟರ್‌ಗೆ (ವೈನ್ ಸುರಿದಿಡುವ ಗಾಜಿನ ಹೂಜಿ) ಸುರಿದಿಡಿ ಅಂತ ಸ್ನೇಹಿತರು ಹೇಳುತ್ತಾರೆ. ಸರಿಯೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಬೇಡ. ಆ ಸಲಹೆ ಐದಾರು ವರ್ಷದ ಒಗರು ವೈನ್‌ಗೆ ಸರಿ. ನಲವತ್ತು ದಾಟಿದ್ದು ಗಾಳಿ ತಾಗಿದ ಅರ್ಧ ಗಂಟೆಯಲ್ಲೇ ಸಪ್ಪೆಯಾಗಬಹುದು. ಎಲ್ಲರೂ ಕೂತ ಮೇಲೆ ತೆರೆಯಿರಿ.

1982 ಬೋರ್ಡೋಗೆ ಹೆಸರಾಂತ ವರ್ಷ. ಆದರೆ ವರ್ಷಕ್ಕಿಂತ ಇಟ್ಟ ಜಾಗ ಮುಖ್ಯ. ಇಂಥ ವೈನ್‌ಗೆ ಬೇಕಾದ್ದು 12–14 ಡಿಗ್ರಿ; ನಮ್ಮ ಏಪ್ರಿಲ್‌ನಲ್ಲಿ ಬೀರುವಿನೊಳಗೆ 30 ದಾಟುತ್ತದೆ. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ಕಾರ್ಕ್ ಉಬ್ಬಿದೆಯೇ, ಕತ್ತಿನಲ್ಲಿ ಸೋರಿದ ಕಲೆ ಇದೆಯೇ ನೋಡಿ. ವೈನ್‌ನ ಮಟ್ಟ ಬಾಟಲಿಯ ಭುಜದ ಮೇಲ್ಭಾಗದಲ್ಲಿದ್ದರೆ ಈ ವಯಸ್ಸಿಗೆ ಸಹಜ. ಭುಜದ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೆಚ್ಚು ಆಸೆ ಬೇಡ. ಹೇಗೂ ಇನ್ನೊಂದು ಬಾಟಲಿ ಸಿದ್ಧವಿರಲಿ.

ಗುರುವಾರವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಬಣ್ಣ ಮತ್ತು ಒಗರಿನ ಅಂಶಗಳು ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ಆದದ್ದು ಇದು. ಕುಡಿದರೆ ಅಪಾಯವಿಲ್ಲ, ಬಾಯಿಗೆ ಮರಳಿನಂತೆ ಸಿಕ್ಕುತ್ತದೆ ಅಷ್ಟೆ. ಅಡುಗೆ ಫ್ರಿಜ್‌ನಲ್ಲಿಡುವುದಾದರೆ ಬಾಗಿಲಿನ ತಟ್ಟೆ ಬೇಡ, ತೆರೆದಾಗಲೆಲ್ಲ ಕುಲುಕುತ್ತದೆ. ಬಡಿಸುವಾಗ 16–17 ಡಿಗ್ರಿ ಇರಲಿ.

ಹಳೆಯ ಕಾರ್ಕಿಗೆ ಮಾಮೂಲಿ ಸುರುಳಿ ತಿರುಪು ಹಾಕಿದರೆ ನಡುವೆ ಪುಡಿಯಾಗುತ್ತದೆ. ಎರಡು ತೆಳು ಅಲಗಿನ ‘ಆ-ಸೋ’ ಎಂಬ ಕಾರ್ಕ್ ತೆಗೆಯುವ ಸಾಧನ ತನ್ನಿ. ಫಾಯಿಲ್ ಪೂರ್ತಿ ತೆಗೆದು ಬಾಯಿ ಒರೆಸಿ (ಅಲ್ಲಿ ಬೂಷ್ಟು ಕಂಡರೆ ಗಾಬರಿ ಬೇಡ). ಉದ್ದದ ಅಲಗು ಮೊದಲು. ಕಾರ್ಕ್ ಮತ್ತು ಗಾಜಿನ ನಡುವೆ ಅತ್ತಿತ್ತ ಅಲುಗಿಸುತ್ತ ಇಳಿಸಿ, ತಿರುಗಿಸುತ್ತ ಮೇಲೆಳೆಯಿರಿ. ನೇರ ಒತ್ತಿದರೆ ಕಾರ್ಕ್ ಒಳಗೆ ಬೀಳುತ್ತದೆ. ಪುಡಿ ಬಿದ್ದರೆ ತೆಳು ಮಲ್ ಬಟ್ಟೆಯಲ್ಲಿ ಸೋಸಿ. ಬಟ್ಟೆ ಬಿಸಿನೀರಲ್ಲಿ ಮಾತ್ರ ತೊಳೆದದ್ದಾಗಿರಲಿ, ಸೋಪಿನ ವಾಸನೆ ವೈನ್‌ಗೆ ಹತ್ತುತ್ತದೆ.

ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು, ಒಂದೇ ಸಮನೆ ನಿಧಾನ ಡಿಕ್ಯಾಂಟರ್‌ಗೆ ಸುರಿಯಿರಿ. ಗಸಿಯ ಎಳೆ ಭುಜಕ್ಕೆ ಬಂತೋ, ನಿಲ್ಲಿಸಿ. ತಳದ 50 ಮಿಲಿಯ ಆಸೆ ಬಿಡಿ. ಉಳಿದ 700 ಮಿಲಿಯನ್ನು ಎಂಟು ಜನರಿಗೆ ಹಂಚಿದರೆ ತಲಾ 85 ಮಿಲಿ ಚಿಲ್ಲರೆ, ಅಷ್ಟೇ.

ಮೊದಲ ಮೂಸಿಗೆ ಮುಗ್ಗಲು ಬಂದರೆ ಚೆಲ್ಲಬೇಡಿ, ಹತ್ತು ನಿಮಿಷ ಕಾಯಿರಿ. ಹೋದರೆ ಸರಿ. ಒದ್ದೆ ಗೋಣಿಚೀಲದ ವಾಸನೆ ಹೆಚ್ಚುತ್ತಲೇ ಹೋದರೆ ಅದು ಕಾರ್ಕಿನ ದೋಷ, ಮದ್ದಿಲ್ಲ. ಲೋಟದಲ್ಲಿ ವೈನ್‌ನ ಅಂಚು ಇಟ್ಟಿಗೆ ಬಣ್ಣಕ್ಕಿದ್ದರೆ ಚೆನ್ನ. ಇಡೀ ಲೋಟ ಡಿಕಾಕ್ಷನ್‌ನಂತಿದ್ದರೆ ಕಾಲ ಮುಗಿದಿದೆ.

ಊಟಕ್ಕೆ ಹುಣಸೆಹುಳಿ, ಬ್ಯಾಡಗಿ ಖಾರ ಎರಡೂ ಬೇಡ. ಈ ವೈನ್‌ನ ಪರಿಮಳ ಅವುಗಳ ಮುಂದೆ ನಿಲ್ಲದು. ಮಸಾಲೆ ಹಗುರವಾದ ಮಟನ್ ರೋಸ್ಟ್, ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ ಸಾಕು. ಬಿಸಿಬೇಳೆಬಾತ್ ಮಾಡಲೇಬೇಕೆಂದಿದ್ದರೆ ಲೋಟ ಖಾಲಿಯಾದ ಮೇಲೆ ಬಡಿಸಿ. ಮಲ್ಲಿಗೆ, ಊದುಬತ್ತಿ ಆ ಕೋಣೆಯಿಂದ ಆಚೆ ಇರಲಿ.