ಅಕ್ಟೋಬರ್‌ನಲ್ಲಿ ಒಂದು ವಾರ ವಿಯೆನ್ನಾಗೆ ಹೋಗುತ್ತಿದ್ದೇನೆ, ಅಲ್ಲಿನ ಯಾವ ವೈನ್ ಕುಡಿಯಲಿ? ಅದರ ಜೊತೆ ಏನು ತಿನ್ನಲಿ?

ನಾನು ವಿಯೆನ್ನಾದಲ್ಲಿ ನಾಲ್ಕು ವರ್ಷ ಇದ್ದೆ. ವೈನ್ ಪಂಡಿತ ಅಲ್ಲ, ಕುಡಿದು ಕಲಿತವನು. ಅಕ್ಟೋಬರ್‌ನಲ್ಲಿ ಒಂದೇ ವಾರ ಇರುತ್ತೀರಿ ಅಂದಿದ್ದೀರಿ, ಅಷ್ಟಕ್ಕೆ ಸಾಕಾಗುವಷ್ಟು ಹೇಳುತ್ತೇನೆ.

ಮೊದಲ ದಿನ ಗ್ರೂನರ್ ವೆಲ್ಟ್‌ಲೀನರ್ ಕೇಳಿ. ಬಿಳಿ ವೈನ್. ಆಸ್ಟ್ರಿಯಾದ ದ್ರಾಕ್ಷಿ ತೋಟಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇದೇ ತಳಿ. ಬಾಯಿಗಿಟ್ಟರೆ ಹಸಿರು ಸೇಬು, ನಿಂಬೆಯ ಹುಳಿ. ನುಂಗಿದ ಮೇಲೆ ಗಂಟಲ ಹತ್ತಿರ ಸಣ್ಣಗೆ ಕಾಳುಮೆಣಸು. ಸುಮ್ನೆ ಹೇಳುತ್ತಿಲ್ಲ. ಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಅನ್ನುವ ಅಂಶವೇ ಈ ದ್ರಾಕ್ಷಿಯಲ್ಲೂ ಇದೆ. ಮೆಣಸಿನ ಸಾರು ಕುಡಿದು ಬೆಳೆದವರಿಗೆ ಅದು ಬೇಗ ಗೊತ್ತಾಗುತ್ತದೆ.

ಇದಕ್ಕೆ ಜೋಡಿ ಷ್ನಿಟ್ಸೆಲ್. ತೆಳ್ಳಗೆ ಬಡಿದ ಕರುವಿನ ಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ ಕರಿದದ್ದು. ತಟ್ಟೆಯಲ್ಲಿ ಒಂದು ನಿಂಬೆ ಹೋಳು ಇಟ್ಟಿರುತ್ತಾರಲ್ಲ, ಈ ವೈನ್ ಮಾಡುವುದೂ ಅದೇ ಕೆಲಸ, ಜಿಡ್ಡು ಕಳೆಯುತ್ತದೆ. ಮಾಂಸ ತಿನ್ನದವರಾದರೆ ಬ್ರೆಡ್ಡಿಗೆ ಲಿಪ್ಟೌವರ್ ಹಚ್ಚಿಕೊಳ್ಳಿ. ಮೆತ್ತನೆ ಚೀಸಿಗೆ ಪ್ಯಾಪ್ರಿಕಾ ಪುಡಿ, ಈರುಳ್ಳಿ ಕಲಸಿರುತ್ತಾರೆ. ನನಗಂತೂ ಷ್ನಿಟ್ಸೆಲ್‌ಗಿಂತ ಇದೇ ಜಾಸ್ತಿ ಇಷ್ಟ.

ಡ್ಯಾನ್ಯೂಬ್ ನದಿಯ ಕಣಿವೆ ವಾಖೌ ಕಡೆಯ ಬಾಟಲಿಯಾದರೆ ಲೇಬಲ್ ನೋಡಿ. ಷ್ಟೈನ್‌ಫೆಡರ್ ಅಂದರೆ ಹಗುರ, ಫೆಡರ್‌ಷ್ಪೀಲ್ ಮಧ್ಯಮ, ಸ್ಮರಾಗ್ಡ್ ಗಟ್ಟಿ. ಈ ಕೊನೆಯದು ಅಲ್ಲಿನ ತೋಟದ ಕಲ್ಲುಗೋಡೆಗಳ ಮೇಲೆ ಬಿಸಿಲು ಕಾಯಿಸುವ ಪಚ್ಚೆ ಬಣ್ಣದ ಹಲ್ಲಿಯ ಹೆಸರು. ಜಾಸ್ತಿ ದುಡ್ಡು ಕೊಟ್ಟರೆ ಒಳ್ಳೆಯದಿರುತ್ತೆ ಅಂತ ಮಧ್ಯಾಹ್ನದ ಊಟಕ್ಕೆ ಸ್ಮರಾಗ್ಡ್ ಕುಡಿದು ಸಂಜೆವರೆಗೂ ಮಲಗಿದ್ದೆ. ನೀವು ಫೆಡರ್‌ಷ್ಪೀಲ್ ತಗೊಳ್ಳಿ.

ರೆಸ್ಟೋರೆಂಟ್‌ಗಿಂತ ಹೊಯ್ರಿಗರ್‌ಗೆ ಹೋಗಿ. ಬೆಳೆಗಾರರು ತಮ್ಮ ವೈನನ್ನು ತಮ್ಮದೇ ಅಂಗಳದಲ್ಲಿ ಮಾರುವ ಜಾಗ. 1784ರಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ಇದಕ್ಕೆ ಅನುಮತಿ ಕೊಟ್ಟ. ಬಾಗಿಲ ಮೇಲೆ ಪೈನ್ ಮರದ ಕೊಂಬೆ ನೇತುಹಾಕಿದ್ದರೆ ತೆರೆದಿದೆ ಅಂತ ಅರ್ಥ. ಹೊಯ್ರಿಗರ್‌ಗಳಿಗೆ ಹೆಸರಾದ ಗ್ರಿನ್ಸಿಂಗ್ ಬಡಾವಣೆಗೆ ಬಸ್ಸುಗಟ್ಟಲೆ ಪ್ರವಾಸಿಗರು ಬರುತ್ತಾರೆ, ಅದು ಬೇಡ. 31ನೇ ನಂಬರ್ ಟ್ರಾಮ್ ಹತ್ತಿ ಕೊನೆಯ ಸ್ಟಾಪ್ ಷ್ಟಾಮರ್ಸ್‌ಡೋರ್ಫ್‌ನಲ್ಲಿ ಇಳಿಯಿರಿ. ತಿಂಡಿಯನ್ನು ಕೌಂಟರ್‌ನಿಂದ ನೀವೇ ತರಬೇಕು, ವೈನ್ ಮೇಜಿಗೆ ಬರುತ್ತದೆ. "ಐನ್ ಆಖ್ಟೆಲ್" ಅನ್ನಿ, ಲೀಟರಿನ ಎಂಟನೇ ಒಂದು ಭಾಗ. ಅಲ್ಲಿ ಗೆಮಿಷ್ಟರ್ ಸಾಟ್ಸ್ ಕೇಳಲು ಮರೆಯಬೇಡಿ. ಒಂದೇ ತೋಟದಲ್ಲಿ ಹಲವು ತಳಿ ಬೆಳೆದು, ಒಟ್ಟಿಗೆ ಕೊಯ್ದು, ಒಟ್ಟಿಗೆ ಹಿಂಡಿ ಮಾಡುತ್ತಾರೆ. ನಮ್ಮ ಅಕ್ಕಡಿ ಬೆಳೆಯ ಹಾಗೆ ಅಲ್ವಾ, ಆದರೆ ಕೊಯ್ಲೂ ಒಂದೇ ಸಲ.

ಕೆಂಪು ವೈನ್ ಬೇಕಾದರೆ ತ್ಸ್ವೈಗೆಲ್ಟ್. 1922ರಲ್ಲಿ ಫ್ರೀಡ್ರಿಷ್ ತ್ಸ್ವೈಗೆಲ್ಟ್ ಅನ್ನುವವರು ಎರಡು ತಳಿ ಸೇರಿಸಿ ಮಾಡಿದ್ದು. ಹುಳಿ ಚೆರ್ರಿ ರುಚಿ, ಗಂಟಲಿಗೆ ಮೆತ್ತಗೆ. ಸ್ವಲ್ಪ ತಣ್ಣಗೆ ಕುಡಿದರೆ ಚೆನ್ನ. ಅದರ ಒಂದು ಪೋಷಕ ತಳಿ ಬ್ಲೌಫ್ರೆಂಕಿಷ್. ದೇಶದ ಪೂರ್ವದ ಬುರ್ಗೆನ್‌ಲಾಂಡ್ ಪ್ರಾಂತ್ಯದ್ದು, ಹುಳಿಯೂ ಒಗರೂ ಜಾಸ್ತಿ. ಗೂಲಾಷ್ ಥರದ ಖಾರದ ಮಾಂಸದ ಅಡುಗೆಗೆ ಇದೇ ಸರಿ.

ಸಿಹಿ ಇಷ್ಟವಾದರೆ ನಾಯ್‌ಸೀಡ್ಲ್ ಸರೋವರದ ದಂಡೆಯ ರುಸ್ಟ್ ಊರಿನ ವೈನ್ ನೋಡಿ. ಆಳವಿಲ್ಲದ ಕೆರೆಯಂಥ ಸರೋವರ. ಶರತ್ಕಾಲದ ಮಂಜಿಗೆ ಹಣ್ಣಿನ ಮೇಲೆ ಒಂದು ಬೂಷ್ಟು ಕಟ್ಟಿ, ನೀರೆಲ್ಲ ಆರಿ, ಸಿಹಿ ಉಳಿಯುತ್ತದೆ. ನೀಲಿ ಗೆರೆಯ ಚೀಸಿನ ಜೊತೆ ಒಂದು ಚಿಕ್ಕ ಲೋಟ ಸಾಕು.

ಇನ್ನೊಂದು. ನೀವು ಹೋಗುವ ಹೊತ್ತಿಗೆ ಷ್ಟುರ್ಮ್ ಇನ್ನೂ ಸಿಗಬಹುದು. ಇನ್ನೂ ಹುದುಗುತ್ತಲೇ ಇರುವ ದ್ರಾಕ್ಷಿ ರಸ, ಮಜ್ಜಿಗೆಯ ಹಾಗೆ ಮಂದ, ಸಿಹಿ, ನೊರೆನೊರೆ. ಗಾಳಿ ಹೋಗಲಿ ಅಂತ ಬಾಟಲಿಯ ಬಾಯಿ ಸಡಿಲವಾಗಿ ಮುಚ್ಚಿರುತ್ತಾರೆ. ನನಗೆ ಗೊತ್ತಿರಲಿಲ್ಲ. ಬ್ಯಾಗಿನಲ್ಲಿ ಅಡ್ಡ ಮಲಗಿಸಿ ಟ್ರಾಮ್ ಹತ್ತಿದೆ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಪಕ್ಕದ ಅಜ್ಜಿ ಕಾಲು ಎತ್ತಿಕೊಂಡು ಕೂತಿದ್ದರು.